ಒಂದು ಸೈಟು, ಎರಡು ಬಾಗಿಲು

ಕೇಳುಗರಿಗೆ ನಮಸ್ಕಾರ. ನಮ್ಮ ಕಡೆ ಡ್ಯೂಪ್ಲೆಕ್ಸ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಹಾಲಿನ ಮೂಲೆಯ ಮೆಟ್ಟಿಲು. ಗೃಹಪ್ರವೇಶಕ್ಕೆ ಬಂದವರೆಲ್ಲ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮನೆಗೆ ಎರಡು ಅಂತಸ್ತು, ಸಂಸಾರ ಒಂದೇ. ಅಮೆರಿಕದಲ್ಲಿ ಅದೇ ಮಾತಿಗೆ ಬೇರೆ ಅರ್ಥ. ಒಂದು ಕಟ್ಟಡ, ಎರಡು ಸಂಸಾರ, ಎರಡು ಅಡುಗೆಮನೆ, ಎರಡು ಬಾಗಿಲು. ನಮ್ಮಲ್ಲಿ ಇದಕ್ಕೆ ಹೆಸರೇ ಇಲ್ಲ, ಅಷ್ಟು ಮಾಮೂಲಿ. ಕೆಳಗೆ ಓನರ್ರು, ಮೇಲೆ ಬಾಡಿಗೆಯವರು, ಅಷ್ಟೇ ಅಲ್ವಾ?

2023ರ ಬೇಸಿಗೆಯಲ್ಲಿ ನಾನು ಟೆಕ್ಸಸ್‌ನ ಒಂದು ಸಣ್ಣ ಊರಿನಲ್ಲಿ, ಮಗಳ ಮನೆಯಲ್ಲಿದ್ದೆ. ಒಂದು ದಿನ ನಗರಸಭೆಯಿಂದ ಕಾಗದ ಬಂತು. ಬೀದಿ ಮೂಲೆಯ ಮನೆಯವರು ತಮ್ಮ ಜಾಗದ ವಲಯ, ಅಂದರೆ ಎಲ್ಲಿ ಎಂಥ ಕಟ್ಟಡ ಕಟ್ಟಬಹುದು ಅಂತ ನಗರಸಭೆ ಮಾಡಿಟ್ಟ ವಿಂಗಡಣೆ, ಬದಲಿಸಿ ಡ್ಯೂಪ್ಲೆಕ್ಸ್‌ಗೆ ಅನುಮತಿ ಕೇಳಿದ್ದಾರೆ, ವಿಚಾರಣೆ ಇಂಥ ದಿನ, ಹೇಳುವುದಿದ್ದರೆ ಬನ್ನಿ. ಸುತ್ತ 200 ಅಡಿಯೊಳಗಿನ ಆಸ್ತಿಯ ಮಾಲೀಕರಿಗೆಲ್ಲ ಹೀಗೆ ಮೊದಲೇ ತಿಳಿಸಬೇಕು ಅಂತ ಆ ರಾಜ್ಯದ ಕಾನೂನಿದೆ. ನನಗೆ ಸೋಜಿಗ. ನಮ್ಮ ಬೀದಿಯಲ್ಲಿ ಪಕ್ಕದ ಮನೆಗೆ ಮೂರನೇ ಮಹಡಿ ಏಳುತ್ತಿದೆ ಅಂತ ನನಗೆ ತಿಳಿದದ್ದು ನಮ್ಮ ತುಳಸಿಗೆ ಬಿಸಿಲು ನಿಂತ ಮೇಲೆ.

ಆ ಮೂಲೆ ಜಾಗ 60ಕ್ಕೆ 120 ಅಡಿ. ನಮ್ಮ ಲೆಕ್ಕದಲ್ಲಿ 30-40ರ ಆರು ಸೈಟು. ಅಲ್ಲಿ ವಯಸ್ಸಾದ ಹೆಂಗಸೊಬ್ಬರು ಒಬ್ಬರೇ ಇದ್ದರು. ಹಳೇ ಮನೆ ಕೆಡವಿ ಜೋಡಿ ಮನೆ ಕಟ್ಟಬೇಕು, ಒಂದರಲ್ಲಿ ತಾನಿದ್ದು ಇನ್ನೊಂದನ್ನು ಬಾಡಿಗೆಗೆ ಕೊಡಬೇಕು ಅಂತ ಅವರ ಆಸೆ. ಇದಕ್ಕೆ ಯಾರು ತಕರಾರು ಮಾಡುತ್ತಾರೆ ಅಂದುಕೊಂಡೆ. ಎರಡೇ ದಿನಕ್ಕೆ, ಊಟದ ಟೇಬಲ್ ಮೇಲೆ, ನಮ್ಮ ಅಳಿಯಂದಿರೇ ವಿರೋಧದ ಅರ್ಜಿಗೆ ಸಹಿ ಹಾಕುತ್ತಿದ್ದರು. ಮೈಸೂರಿನಲ್ಲಿ ಯಾರದೋ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದು ಬೆಳೆದವರು ಅವರು. “ಮಾವ, ಬೀದೀಲಿ ಕಾರು ಜಾಸ್ತಿ ಆಗುತ್ತೆ. ಮನೆ ಬೆಲೆ ಬಿದ್ರೆ? ಇನ್ನೂ 22 ವರ್ಷ ಕಂತು ಕಟ್ಟಬೇಕು” ಅಂದರು. ನಾನು ಸುಮ್ನೆ ಸಾರು ಬಡಿಸಿಕೊಂಡೆ.

ಈ ಭಯ ಹಳೆಯದು. ಒಂದು ಸಂಸಾರದ ಮನೆ ಬಿಟ್ಟು ಬೇರೇನೂ ಕಟ್ಟಕೂಡದು ಅನ್ನುವ ವಲಯವನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರು 1916ರಲ್ಲೇ ಮಾಡಿತ್ತು. ಮೈಬಣ್ಣ ನೋಡಿ ಬಡಾವಣೆ ಹಂಚುವ ಕಾನೂನನ್ನು 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಮನೆಯ ಬಗೆ ನೋಡಿ ಹಂಚುವುದಕ್ಕೆ ಅಡ್ಡಿ ಇರಲಿಲ್ಲ. ದೊಡ್ಡ ಸೈಟು, ಒಂದೇ ಮನೆ ಅಂದರೆ ಅದು ಯಾರ ಕೈಗೆ ಎಟುಕುತ್ತದೆ, ಯಾರಿಗೆ ಎಟುಕುವುದಿಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ. 1926ರಲ್ಲಿ ಓಹಾಯೊದ ಯೂಕ್ಲಿಡ್ ಎಂಬ ಊರಿನ ಕೇಸಿನಲ್ಲಿ ಅದೇ ಕೋರ್ಟು ಇಂಥ ವಲಯಗಳಿಗೆ ಮುದ್ರೆ ಒತ್ತಿತು. ಅಲ್ಲಿ ಎರಡು ಸಂಸಾರದ ಮನೆಗೂ ಬೇರೆಯೇ ವಲಯ. ತೀರ್ಪು ಬರೆದ ನ್ಯಾಯಮೂರ್ತಿ ಸದರ್ಲೆಂಡ್, ಅಪಾರ್ಟ್‌ಮೆಂಟು ಎಷ್ಟೋ ಸಲ ಬರೀ ಪರಾವಲಂಬಿ ಅಂದುಬಿಟ್ಟರು. ಬೇರೆ ಮರದ ಮೇಲೆ ಬೆಳೆಯುವ ಬಂದಳಿಕೆ ಇದೆಯಲ್ಲ, ಹಾಗೆ.

ವಿಚಾರಣೆಗೆ ನಾನೂ ಹೋದೆ. ಒಬ್ಬೊಬ್ಬರಿಗೆ ಮೂರು ನಿಮಿಷ. ಮೈಕಿನ ಎದುರು ಪುಟ್ಟ ದೀಪ: ಹಸಿರು, ಹಳದಿ, ಕೆಂಪು. ಕೆಂಪು ಹತ್ತಿದರೆ ಅರ್ಧ ವಾಕ್ಯದಲ್ಲೇ ಕೂರಬೇಕು. ಚರಂಡಿ, ಸ್ಕೂಲು, ಪಾರ್ಕಿಂಗು ಅಂತ ಮಾತು ಹೋಯಿತು. ಪಾರ್ಕಿಂಗಿನ ಮಾತು ಪೂರ್ತಿ ಸುಳ್ಳೇನಲ್ಲ. 30-40ರಲ್ಲಿ ನಾಲ್ಕು ಮನೆ ಕಟ್ಟಿ, ಕಾರು ತಂದು ನಮ್ಮ ಗೇಟಿಗೆ ಅಡ್ಡ ನಿಲ್ಲಿಸುವವರ ಜೊತೆ ನಾನೇ ದಿನಾ ಜಗಳ ಆಡುತ್ತೇನೆ. ಆದರೆ ಒಬ್ಬರು ಎದ್ದು, ಬಾಡಿಗೆಯವರಿಗೆ ಬೀದಿಯ ಮೇಲೆ ಅಕ್ಕರೆ ಇರುವುದಿಲ್ಲ ಅಂದಾಗ ನನಗೆ ಅಮ್ಮ ನೆನಪಾದಳು. ಬಾಡಿಗೆ ಮನೆಯಲ್ಲಿ 17 ವರ್ಷ ಇದ್ದವಳು. ಅಷ್ಟೂ ವರ್ಷ ಓನರ್ ಗೇಟಿನ ಮುಂದೆ ಸಾರಿಸಿ ರಂಗೋಲಿ ಹಾಕಿದ್ದು ಅವಳೇ. ಸಂಪಿನ ಮೋಟರ್ ಆಫ್ ಮಾಡುವುದನ್ನು ಓನರ್ರು ಮರೆತರೆ ಕೂಗಿ ಹೇಳುತ್ತಿದ್ದದ್ದೂ ಅವಳೇ.

ಓಟಿಗೆ ಹಾಕಿದರು. ನಗರಸಭೆಯ ಏಳು ಸದಸ್ಯರಲ್ಲಿ ಐವರು ಆ ಹೆಂಗಸಿನ ಪರ, ಇಬ್ಬರು ವಿರೋಧ. ಗೆದ್ದರಲ್ಲ ಅಂತ ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ, ಮಗಳು ಕೈ ಹಿಡಿದಳು. 200 ಅಡಿಯೊಳಗಿನ ನೆಲದಲ್ಲಿ ಶೇ. 20ರಷ್ಟಕ್ಕೆ ಒಡೆಯರಾದವರು ಬರೆದು ವಿರೋಧಿಸಿದರೆ, ಆಗಿನ ಕಾನೂನಿನಂತೆ ಮುಕ್ಕಾಲು ಪಾಲು ಓಟು ಬೇಕು. ಏಳರಲ್ಲಿ ಆರು. ಇಲ್ಲಿ ತಲೆ ಎಣಿಸುವುದಿಲ್ಲ, ನೆಲ ಅಳೆಯುತ್ತಾರೆ. ಬಾಡಿಗೆಗೆ ಇರುವವರ ಸಹಿ ಲೆಕ್ಕಕ್ಕೇ ಇಲ್ಲ. ಒಂದು ಓಟಿನಲ್ಲಿ ಹೋಯಿತು.

ಅದೇ ಡಿಸೆಂಬರ್‌ನಲ್ಲಿ ಅದೇ ರಾಜ್ಯದ ರಾಜಧಾನಿ ಆಸ್ಟಿನ್, ಒಂದು ಸೈಟಿನಲ್ಲಿ ಮೂರು ಮನೆಯವರೆಗೆ ಕಟ್ಟಬಹುದು ಅಂತ ತೀರ್ಮಾನಿಸಿತು. 2024ರ ಮೇನಲ್ಲಿ ಸೈಟಿನ ಕನಿಷ್ಠ ಅಳತೆಯನ್ನು 5,750 ಚದರಡಿಯಿಂದ 1,800ಕ್ಕೆ ಇಳಿಸಿತು. 2025ರ ಸೆಪ್ಟೆಂಬರಿನಿಂದ, ಮನೆಗಳ ಸಂಖ್ಯೆ ಹೆಚ್ಚಿಸುವ ಇಂಥ ಬದಲಾವಣೆಗೆ ಬರುವ ವಿರೋಧ ಲೆಕ್ಕಕ್ಕೆ ಸಿಗಲು ಶೇ. 20 ಸಾಲದು, ಶೇ. 60 ಬೇಕು ಅಂತ ರಾಜ್ಯವೇ ಕಾನೂನು ತಿದ್ದಿತು. ಆ ಹೆಂಗಸಿನ ಪಾಲಿಗೆ ಎರಡು ವರ್ಷ ತಡ.

ವಿಚಾರಣೆಯ ಮಾರನೇ ಬೆಳಿಗ್ಗೆ ಆಕೆ ಅಂಗಳದಲ್ಲಿ ನೆಟ್ಟಿದ್ದ ನೋಟಿಸು ಬೋರ್ಡು ಕೀಳಲು ಒದ್ದಾಡುತ್ತಿದ್ದರು. ಬಿಸಿಲಿಗೆ ನೆಲ ಕಲ್ಲಾಗಿತ್ತು. ಆಫೀಸಿಗೆ ಹೊರಟಿದ್ದ ಅಳಿಯಂದಿರು ಕಾರು ನಿಲ್ಲಿಸಿ, ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತುಕೊಟ್ಟರು. ಆಕೆ ಥ್ಯಾಂಕ್ಸ್ ಅಂದರು, ಹೆಸರು ಹಿಡಿದು. ಸಹಿ ಹಾಕಿದವರ ಪಟ್ಟಿ ಹಿಂದಿನ ರಾತ್ರಿ ಆಕೆಯ ಕೈಯಲ್ಲೂ ಇತ್ತು.