ಆಸ್ಪತ್ರೆಯ ಜುಟ್ಟು ಯಾರ ಕೈಲಿರ್ಬೇಕು?

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೊ ಹಾಕ್ಕೊಂಡಿರೋರು ಯಾರು ಅಂತ ನಂಗೆ ಸುಮಾರಾಗಿ ಗೊತ್ತು, ಒಲೆ ಮುಂದೆ ನಿಂತಿರೋ ಅಮ್ಮಂದಿರು, ಅಂಗಡೀಲಿ ಗಿರಾಕಿ ಬರೋದನ್ನ ಕಾಯ್ತಾ ಕೂತಿರೋರು, ಮಂಡಿ ನೋವು ಅಂತ ಮನೆ ಬಿಟ್ಟು ಹೊರಡದೇ ಇರೋ ಹಿರಿಯರು. ನಿಮ್ಮ ಮನೇಲಿ ಯಾರಿಗೋ ಒಂದು ಆಪರೇಷನ್ ಆಗ್ಬೇಕು ಅಂತ ಡಾಕ್ಟ್ರು ಹೇಳಿದ್ರು ಅಂತ ಇಟ್ಕೊಳ್ಳಿ. ನೀವು ಕೇಳೋ ಮೊದಲನೇ ಪ್ರಶ್ನೆ ಏನು, ಎಷ್ಟಾಗುತ್ತೆ ಸಾರ್ ಅಂತ. ಅದಕ್ಕೆ ನೆಟ್ಟಗೆ ಉತ್ತರ ಕೊಡೋರೇ ಇಲ್ಲ, ಮೊದಲು ಅಡ್ಮಿಟ್ ಆಗಿ, ಅಡ್ವಾನ್ಸ್ ಕಟ್ಟಿ, ಆಮೇಲೆ ನೋಡೋಣ ಅಂತಾರೆ. ಬೀದಿ ತುದೀಲಿರೋ ದರ್ಶಿನೀಲಿ ಎರಡು ಇಡ್ಲಿ ಒಂದು ವಡೆಗೆ ಬೋರ್ಡ್ ಮೇಲೆ ರೇಟ್ ಬರ್ದಿರುತ್ತೆ, ಲಕ್ಷಗಟ್ಲೆ ಖರ್ಚಾಗೋ ಆಪರೇಷನ್‌ಗೆ ಬರ್ದಿರಲ್ಲ.

ಆಸ್ಪತ್ರೆ ಖರ್ಚಿನ ಲೆಕ್ಕಾಚಾರ ಓದೋದೇ ನನ್ನ ಕೆಲಸ, ಬಹಳ ವರ್ಷದಿಂದ ಅದನ್ನೇ ಮಾಡ್ಕೊಂಡು ಬಂದಿದೀನಿ. ಇವತ್ತು ನಾನು ಹೇಳೋಕೆ ಬಂದಿರೋದು ಒಂದೇ ಮಾತು. ಸರ್ಕಾರ ಬಡವರ ಚಿಕಿತ್ಸೆಗೆ ದುಡ್ಡು ಕೊಡ್ಲಿ, ಧಾರಾಳವಾಗಿ ಕೊಡ್ಲಿ, ಆದ್ರೆ ಎಲ್ಲಿಗೆ ಹೋಗ್ಬೇಕು ಯಾರ ಹತ್ರ ತೋರಿಸ್ಬೇಕು ಅನ್ನೋದನ್ನ ರೋಗೀನೇ ತೀರ್ಮಾನ ಮಾಡ್ಲಿ. ಆಸ್ಪತ್ರೆಯ ಜುಟ್ಟು ರೋಗಿ ಕೈಲಿರ್ಬೇಕು. ಇಲ್ಲಿ ಸರಿಯಾಗಿ ನೋಡ್ಲಿಲ್ಲ ಅಂದ್ರೆ ಎದ್ದು ಇನ್ನೊಂದು ಕಡೆ ಹೋಗ್ತೀನಿ ಅನ್ನೋ ತಾಕತ್ತು ರೋಗಿಗೆ ಬಂದ ದಿನ ಆಸ್ಪತ್ರೆ ತಾನಾಗೇ ದಾರಿಗೆ ಬರುತ್ತೆ.

ಇದಕ್ಕೆ ನಾನು ಯಾವಾಗ್ಲೂ ಹೇಳೋ ಉದಾಹರಣೆ ಮಧುರೈನ ಅರವಿಂದ ಕಣ್ಣಾಸ್ಪತ್ರೆ. ಅದನ್ನ ಕಟ್ಟಿದೋರು ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿ. ಹೆರಿಗೆ ಡಾಕ್ಟರ್ ಆಗ್ಬೇಕು ಅಂತಿದ್ದೋರು ಅವ್ರು, ಸಂಧಿವಾತ ಬಂದು ಕೈಬೆರಳೆಲ್ಲ ಸೊಟ್ಟಗಾಗೋಯ್ತು, ಪೆನ್ ಹಿಡಿಯೋದೇ ಕಷ್ಟ ಅನ್ನೋ ಸ್ಥಿತಿ. ಅದೇ ಬೆರಳಿಗೆ ಹೊಂದೋ ಥರ ಉಪಕರಣ ಮಾಡಿಸ್ಕೊಂಡು ಕಣ್ಣಿನ ಆಪರೇಷನ್ ಕಲ್ತ್ರು. ಸರ್ಕಾರಿ ಕೆಲಸದಲ್ಲಿದ್ದು 58ನೇ ವಯಸ್ಸಿಗೆ ರಿಟೈರ್ ಆದ್ರು, 1976ರಲ್ಲಿ ಅಣ್ಣತಮ್ಮ ಅಕ್ಕತಂಗೀರನ್ನೆಲ್ಲ ಸೇರಿಸ್ಕೊಂಡು ಬರೀ 11 ಹಾಸಿಗೆ ಹಾಕಿ ಆಸ್ಪತ್ರೆ ಶುರು ಮಾಡಿದ್ರು. ದುಡ್ಡಿರೋರು ದುಡ್ಡು ಕೊಡ್ತಾರೆ, ಇಲ್ದೋರಿಗೆ ಪುಕ್ಕಟೆ, ಡಾಕ್ಟ್ರು ಮಾತ್ರ ಇಬ್ಬರಿಗೂ ಅವ್ರೇ. ಕೇಳಿ ಇದನ್ನ, ಯಾರು ಬಡವರು ಯಾರು ಅಲ್ಲ ಅಂತ ಅಲ್ಲಿ ಯಾರೂ ಆದಾಯ ಪ್ರಮಾಣ ಪತ್ರ ಕೇಳಲ್ಲ, ದುಡ್ಡು ಕೊಡೋ ವಿಭಾಗಕ್ಕೆ ಹೋಗೋದಾ ಪುಕ್ಕಟೆ ವಿಭಾಗಕ್ಕೆ ಹೋಗೋದಾ ಅಂತ ಬಂದೋರೇ ತೀರ್ಮಾನ ಮಾಡ್ತಾರೆ. ತಹಶೀಲ್ದಾರ್ ಆಫೀಸು ಅಲೆಯೋ ಮಾತೇ ಇಲ್ಲ.

ಅಲ್ಲಿನ ಆಪರೇಷನ್ ಥಿಯೇಟರ್ ಹೇಗಿರುತ್ತೆ ಹೇಳ್ತೀನಿ. ಪಕ್ಕಪಕ್ಕದಲ್ಲೇ ಎರಡು ಟೇಬಲ್. ಒಂದರ ಮೇಲೆ ಪೊರೆ ತೆಗೀತಾ ಇರೋವಾಗ ಇನ್ನೊಂದರ ಮೇಲೆ ಮುಂದಿನ ರೋಗೀನ ಮಲಗಿಸಿ, ಕಣ್ಣು ತೊಳೆದು, ಮುಖಕ್ಕೆ ಬಟ್ಟೆ ಹೊದಿಸಿ ಎಲ್ಲ ಸಿದ್ಧ ಮಾಡಿ ಇಟ್ಟಿರ್ತಾರೆ. ಇದು ಮುಗೀತು, ಡಾಕ್ಟ್ರು ಮೈಕ್ರೋಸ್ಕೋಪನ್ನ ಆ ಕಡೆ ತಿರುಗಿಸ್ತಾರೆ, ಅದು ಶುರು. ಸಿದ್ಧ ಮಾಡೋ ಕೆಲಸವೆಲ್ಲ ಸುತ್ತಮುತ್ತಲ ಹಳ್ಳಿಯಿಂದ ಆರಿಸಿ ಟ್ರೈನಿಂಗ್ ಕೊಟ್ಟ ಹೆಣ್ಣುಮಕ್ಕಳದ್ದು, ಡಾಕ್ಟ್ರು ಮಾಡೋದು ಡಾಕ್ಟ್ರೇ ಮಾಡ್ಬೇಕಾದ ಕೆಲಸ ಮಾತ್ರ. ಒಬ್ಬೊಬ್ಬ ಡಾಕ್ಟ್ರು ವರ್ಷಕ್ಕೆ 2,000 ಆಪರೇಷನ್ ಆಸುಪಾಸು ಮಾಡ್ತಾರೆ, ಖರ್ಚು ಇಳಿಯದೇ ಇನ್ನೇನಾಗುತ್ತೆ.

ಆಮೇಲೆ ಲೆನ್ಸಿನ ವಿಷಯ. ನಿಮ್ಮ ಅಜ್ಜ ಅಜ್ಜಿ ಪೊರೆ ತೆಗೆಸ್ಕೊಂಡ ಮೇಲೆ ಸೋಡಾಬುಡ್ಡಿ ಕನ್ನಡಕ ಹಾಕ್ಕೊಂಡು ಓಡಾಡ್ತಿದ್ದಿದ್ದು ನೆನಪಿದ್ಯಾ? ಕಣ್ಣೊಳಗೇ ಕೂರಿಸೋ ಲೆನ್ಸ್ ಆಗ ಹೊರದೇಶದಿಂದ ಬರ್ಬೇಕಿತ್ತು, ಒಂದಕ್ಕೆ ನೂರು ಡಾಲರ್‌ಗೂ ಮೇಲೆ, ಬಡವರಿಗೆ ಎಲ್ಲಿಂದ ಹಾಕ್ತಾರೆ. ಇವ್ರು ಏನ್ ಮಾಡಿದ್ರು, ರೇಟ್ ಇಳಿಸಿ ಅಂತ ದೆಹಲಿಗೆ ಅರ್ಜಿ ಹಾಕ್ಕೊಂಡು ಕೂತ್ರಾ? ಇಲ್ಲ. 1992ರಲ್ಲಿ ಅರೋಲ್ಯಾಬ್ ಅಂತ ತಾವೇ ಕಾರ್ಖಾನೆ ಹಾಕಿದ್ರು, ಹತ್ತು ಡಾಲರ್ ಆಸುಪಾಸಿಗೆ ಲೆನ್ಸ್ ಮಾಡಿದ್ರು, ಮುಂದೆ ಅದಕ್ಕಿಂತಾನೂ ಇಳೀತು, ಇವತ್ತು ನೂರಕ್ಕೂ ಹೆಚ್ಚು ದೇಶಕ್ಕೆ ಹೋಗುತ್ತೆ. ಲೆನ್ಸಿಗೆ ಇಷ್ಟೇ ಬೆಲೆ ಅಂತ ಯಾರೂ ಆರ್ಡರ್ ಹೊರಡಿಸಿರ್ಲಿಲ್ಲ, ಇನ್ನೊಬ್ಬ ತಯಾರಕ ಬಂದ, ಬೆಲೆ ಬಿತ್ತು, ಸೋಡಾಬುಡ್ಡಿ ಹೋಯ್ತು. ಅದು ಟ್ರಸ್ಟು, ಸೇವೆ, ಮಾರ್ಕೆಟ್ ಎಲ್ಲಿ ಬಂತು ಅಂತ ಕೆಲವರು ನನ್ನ ಕೇಳ್ತಾರೆ. ಸ್ವಾಮಿ, ದುಡ್ಡು ಕೊಡೋ ರೋಗಿ ಮಧುರೈನಲ್ಲಿ ಬೇರೆ ಕಣ್ಣಾಸ್ಪತ್ರೆಗೂ ಹೋಗ್ಬೋದಿತ್ತು, ಅವನು ತಾನಾಗೇ ಇಲ್ಲಿಗೆ ಬಂದ, ಅವನು ಕೊಟ್ಟ ದುಡ್ಡಲ್ಲಿ ಬಡವನ ಆಪರೇಷನ್ ಆಯ್ತು. ಮಾರ್ಕೆಟ್ ಅಂದ್ರೆ ಅದೇ ಅಲ್ವಾ, ಲಾಭ ಹೊಡೆಯೋದು ಒಂದೇ ಮಾರ್ಕೆಟ್ ಅಂತ ಯಾರು ಹೇಳಿದ್ದು?

ಈಗ ನಮ್ಮ ಕರ್ನಾಟಕಕ್ಕೆ ಬರ್ತೀನಿ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಯೋಜನೆ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಖರ್ಚು ಸರ್ಕಾರದ್ದು. ಒಳ್ಳೇದು, ನಾನು ಅದನ್ನ ವಿರೋಧಿಸಲ್ಲ. ಆದ್ರೆ ಎಮರ್ಜೆನ್ಸಿ ಅಲ್ಲ ಅಂದ್ರೆ ನೀವು ನೇರವಾಗಿ ನಿಮಗೆ ನಂಬಿಕೆ ಇರೋ ಖಾಸಗಿ ಆಸ್ಪತ್ರೆಗೆ ಹೋಗೋ ಹಾಗಿಲ್ಲ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಇಲ್ಲಿ ಈ ಚಿಕಿತ್ಸೆ ಆಗಲ್ಲ ಅಂತ ರೆಫರಲ್ ಲೆಟರ್ ತರ್ಬೇಕು. ಮಂಡಿ ಸವೆದು ಮೆಟ್ಟಿಲು ಹತ್ತೋಕಾಗದ ಅಜ್ಜಿ ರೇಷನ್ ಕಾರ್ಡು, ಆಧಾರ್ ಕಾರ್ಡಿನ ಜೆರಾಕ್ಸ್ ಕೈಲಿ ಹಿಡ್ಕೊಂಡು ಜಿಲ್ಲಾಸ್ಪತ್ರೆ ಕಾರಿಡಾರಲ್ಲಿ ಒಂದು ಸಹಿಗೋಸ್ಕರ ಕಾಯೋದನ್ನ ನಾನು ನೋಡಿದೀನಿ. ಇದ್ಯಾಕೆ ಬೇಕು? ದುಡ್ಡು ಅವರದ್ದು, ಅಂದ್ರೆ ನಮ್ಮೆಲ್ಲರ ತೆರಿಗೆ ದುಡ್ಡು ಅವರಿಗೋಸ್ಕರ ಎತ್ತಿಟ್ಟಿದ್ದು, ಮಂಡಿ ಅವರದ್ದು, ಎಲ್ಲಿ ತೋರಿಸ್ಬೇಕು ಅನ್ನೋ ತೀರ್ಮಾನ ಮಾತ್ರ ಇನ್ಯಾರದ್ದೋ. ಯೋಜನೆಯ ಕಾರ್ಡ್ ಕೊಟ್ಟ ಮೇಲೆ ಬಿಡಿ, ಅಜ್ಜಿ ಎಲ್ಲಿಗಾದ್ರೂ ಹೋಗ್ಲಿ, ಸರ್ಕಾರಿ ಆಸ್ಪತ್ರೇನೇ ಚೆನ್ನಾಗಿದ್ರೆ ಅಲ್ಲಿಗೇ ಹೋಗ್ತಾರೆ. ಜಯದೇವ ಹೃದಯದ ಆಸ್ಪತ್ರೆ ಸರ್ಕಾರದ್ದೇ, ಅಲ್ಲಿಗೆ ಜನ ಹುಡುಕ್ಕೊಂಡು ಹೋಗಲ್ವಾ? ಚೆನ್ನಾಗಿ ನೋಡ್ತಾರೆ ಅನ್ನೋ ನಂಬಿಕೆಯಿಂದ ಹೋಗ್ತಾರೆ.

ಟೈಮ್ ಆಗ್ತಾ ಇದೆ ಅಂತ ಗಾಜಿನಾಚೆಯಿಂದ ಕೈ ತೋರಿಸ್ತಿದಾರೆ, ಇನ್ನೆರಡು ವಿಷಯ ಬೇಗ ಹೇಳ್ಬಿಡ್ತೀನಿ. 2017ರ ಫೆಬ್ರವರೀಲಿ ಕೇಂದ್ರ ಸರ್ಕಾರ ಹೃದಯದ ಸ್ಟೆಂಟಿಗೆ, ಅಂದ್ರೆ ಕಟ್ಕೊಂಡ ರಕ್ತನಾಳ ತೆರೆದಿಡೋಕೆ ಒಳಗೆ ಕೂರಿಸೋ ಸಣ್ಣ ಜಾಲರಿ ಕೊಳವೆಗೆ, ಬೆಲೆ ಮಿತಿ ಹಾಕ್ತು, ಔಷಧಿ ಲೇಪನ ಇರೋದಕ್ಕೆ 29,600 ರೂಪಾಯಿ, ಲೇಪನ ಇಲ್ದೇ ಇರೋದಕ್ಕೆ 7,260. ಎಲ್ಲರೂ ಚಪ್ಪಾಳೆ ಹೊಡೆದ್ರು. ಮೊದಲು ಅಷ್ಟೊಂದು ದುಬಾರಿ ಆಗಿತ್ತು ನಿಜ, ಯಾಕಂದ್ರೆ ರೇಟ್ ಮುಚ್ಚಿಟ್ಟು ಆಸ್ಪತ್ರೆ, ಏಜೆಂಟು ಮಧ್ಯದಲ್ಲಿ ಹಂಚ್ಕೊಳ್ತಿದ್ರು. ರೇಟ್ ಬಯಲಿಗೆ ತರ್ಸಿದ್ರೆ ಸಾಕಿತ್ತು, ಆಸ್ಪತ್ರೆಗಳೇ ಪೈಪೋಟಿ ಮಾಡಿ ಇಳಿಸ್ತಿದ್ವು. ಬೆಲೆ ಗೆರೆ ಹಾಕಿದ್ರಿಂದ ಏನಾಯ್ತು, ವಿದೇಶಿ ಕಂಪನಿಯೋರು ತಮ್ಮ ಹೊಸ ಮಾದರಿ ಸ್ಟೆಂಟ್ ವಾಪಸ್ ತಗೋತೀವಿ ಅಂತ ಅರ್ಜಿ ಹಾಕಿದ್ರು. ರೋಗಿಗಿದ್ದ ಆಯ್ಕೇನೇ ಕಮ್ಮಿ ಆಯ್ತು.

ಇನ್ನೊಂದು, ಡಾಕ್ಟ್ರ ಸೀಟು. 2023ರಲ್ಲಿ ಮೆಡಿಕಲ್ ಕಾಲೇಜುಗಳಿಗೆ ನಿಯಮ ಮಾಡೋ ರಾಷ್ಟ್ರೀಯ ವೈದ್ಯಕೀಯ ಆಯೋಗ 10 ಲಕ್ಷ ಜನಸಂಖ್ಯೆಗೆ 100 ಎಂಬಿಬಿಎಸ್ ಸೀಟು ಅಂತ ಲೆಕ್ಕ ಇಟ್ಟು ಅದಕ್ಕಿಂತ ಹೆಚ್ಚಿರೋ ರಾಜ್ಯದಲ್ಲಿ ಹೊಸ ಕಾಲೇಜು ಬೇಡ ಅಂತು, ನಮ್ಮ ರಾಜ್ಯವೂ ಅದ್ರಲ್ಲಿ ಸಿಕ್ಕಾಕ್ಕೊಳ್ತಿತ್ತು, ಗಲಾಟೆ ಆದ ಮೇಲೆ ಮುಂದಕ್ಕೆ ಹಾಕಿದ್ರು. ಹಳ್ಳೀಲಿ ಡಾಕ್ಟ್ರೇ ಇಲ್ಲ ಅಂತ ನಾವು ಅಳ್ತಾ ಇದೀವಿ, ಅವ್ರು ಡಾಕ್ಟ್ರ ಸಂಖ್ಯೆಗೆ ಬೇಲಿ ಹಾಕ್ತಾರೆ! ಹಾಗಂತ ಸರ್ಕಾರಕ್ಕೆ ಕೆಲಸವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಲಸಿಕೆ ಹಾಕ್ಸಿ, ಚರಂಡಿ ಕಟ್ಟಿಸಿ, ಸೊಳ್ಳೆ ಕೊಲ್ಸಿ, ಅದೆಲ್ಲ ಸರ್ಕಾರ ಮಾಡ್ಲೇಬೇಕಾದ ಕೆಲಸ, ಅದನ್ನ ಮಾಡ್ಲಿ.

ಕೊನೇದಾಗಿ ನೀವೇ ಮಾಡ್ಬೋದಾದ ಕೆಲಸ ಒಂದಿದೆ. ನಮ್ಮ ರಾಜ್ಯದ ಕಾನೂನು ಪ್ರಕಾರ ಖಾಸಗಿ ಆಸ್ಪತ್ರೆಯೋರು ತಮ್ಮ ದರಪಟ್ಟಿಯನ್ನ ಜನರಿಗೆ ತೋರಿಸ್ಬೇಕು. ಎಮರ್ಜೆನ್ಸಿ ಅಲ್ದೇ ಇರೋ ಆಪರೇಷನ್ ಇದ್ರೆ, ಪೊರೆ, ಹರ್ನಿಯಾ, ಮಂಡಿ ಇಂಥದ್ದು, ಅಡ್ವಾನ್ಸ್ ಕಟ್ಟೋಕೆ ಮುಂಚೆ ಕೌಂಟರಲ್ಲಿ ನಿಂತು ದರಪಟ್ಟಿ ಕೇಳಿ, ರೂಮು ಬಾಡಿಗೆ, ಡಾಕ್ಟ್ರ ಫೀಸು, ಇಂಪ್ಲಾಂಟಿನ ಬೆಲೆ, ಅಂದ್ರೆ ಮೈಯೊಳಗೆ ಕೂರಿಸೋ ಲೆನ್ಸು, ಮಂಡಿ ಇಂಥದ್ದರ ಬೆಲೆ, ಎಲ್ಲ ಒಂದು ಹಾಳೇಲಿ ಬರ್ಸ್ಕೊಳ್ಳಿ, ಆ ಹಾಳೆ ಹಿಡ್ಕೊಂಡು ಇನ್ನೂ ಎರಡು ಆಸ್ಪತ್ರೇಲಿ ವಿಚಾರಿಸಿ. ಸಂಕೋಚ ಪಡ್ಬೇಡಿ, ಕೇಳೋದು ನಿಮ್ಮ ಹಕ್ಕು. ನಮಸ್ಕಾರ.