ಎದುರಿಗೊಬ್ಬರು ಇದ್ದರೇ ಜಾದೂ

ಕೇಳುಗರೇ, ನಮಸ್ಕಾರ.

ಇವತ್ತು ಅಂಗೈ ಅಗಲದ ಜಾದೂ ಬಗ್ಗೆ ಮಾತಾಡೋಣ. ಇದಕ್ಕೆ ವೇದಿಕೆ ಬೇಡ, ಬಣ್ಣದ ದೀಪ ಬೇಡ. ಒಂದು ನಾಣ್ಯ, ಇಲ್ಲವೇ ಒಂದು ಕಟ್ಟು ಇಸ್ಪೀಟೆಲೆ. ಎದುರಿಗೆ ಮೊಳ ದೂರದಲ್ಲಿ ಕೂತ ಒಬ್ಬರು. ಅಷ್ಟೇ.

ಇದನ್ನು ಕಲಿಯುವವರು ಮೊದಲು ಹೋಗಿ ನಿಲ್ಲುವುದು ಕನ್ನಡಿ ಮುಂದೆ. ನಿಲ್ಲಲಿ, ಬೆರಳು ಪಳಗಬೇಕಲ್ಲ. ಆದರೆ ತಿಂಗಳುಗಟ್ಟಲೆ ಅಲ್ಲೇ ಉಳಿದುಬಿಟ್ಟರೆ ಕೈ ಮಾತ್ರ ಕಲಿಯುತ್ತದೆ. ಯಾಕೆ ಅಂತ ಒಂದು ಸಣ್ಣ ಆಟದಿಂದಲೇ ಹೇಳುತ್ತೇನೆ.

ಬಲಗೈಯಲ್ಲಿ ನಾಣ್ಯ ಇದೆ. ಅದನ್ನು ಎಡಗೈಗೆ ಹಾಕಿದ ಹಾಗೆ ಮಾಡುತ್ತೀರಿ. ನಿಜವಾಗಿ ಅದು ಬಲಗೈ ಬೆರಳುಗಳ ಬುಡದಲ್ಲೇ ಉಳಿದಿರುತ್ತದೆ. ಎಡಮುಷ್ಟಿಗೆ ಒಮ್ಮೆ ಊದಿ, ಬೆರಳುಗಳನ್ನು ಒಂದೊಂದಾಗಿ ಬಿಚ್ಚುತ್ತೀರಿ. ನಾಣ್ಯ ಇಲ್ಲ! ಇಲ್ಲಿ ಕೈಯ ಕೆಲಸ ಅಷ್ಟೇನೂ ಕಷ್ಟವಲ್ಲ. ಕಷ್ಟ ಇರುವುದು ಮಿಕ್ಕಿದ್ದರಲ್ಲಿ. ಒಳಗೆ ನಾಣ್ಯ ಇದ್ದರೆ ಎಷ್ಟು ಉಬ್ಬುತ್ತಿತ್ತೋ ಎಡಮುಷ್ಟಿ ಅಷ್ಟೇ ಉಬ್ಬಿರಬೇಕು. ಬಲಗೈ ಬಿಗಿಯಬಾರದು, ತನ್ನ ಕೆಲಸ ಮುಗಿಯಿತು ಅನ್ನುವ ಹಾಗೆ ಸುಮ್ನೆ ಕೆಳಗಿಳಿಯಬೇಕು. ಎಲ್ಲಕ್ಕಿಂತ ಮುಖ್ಯ, ನಿಮ್ಮ ಕಣ್ಣು ಇಲ್ಲದ ನಾಣ್ಯದ ಜೊತೆ ಎಡಗೈಗೆ ಹೋಗಬೇಕು.

ಕನ್ನಡಿ ಮುಂದೆ ಆಗುವುದೇ ಬೇರೆ. ನಾಣ್ಯ ಕಾಣುತ್ತಿದೆಯಾ ಅಂತ ನೀವು ಬಲಗೈಯನ್ನೇ ನೋಡುತ್ತೀರಿ. ಅದೇ ಅಭ್ಯಾಸ ಮೈಗೆ ಹತ್ತುತ್ತದೆ. ಇನ್ನೊಂದು ಸಂಗತಿ ಇದೆ. ಎಷ್ಟೋ ಜನ ಕೈಚಳಕ ನಡೆಯುವ ಹೊತ್ತಿಗೆ ಸರಿಯಾಗಿ ರೆಪ್ಪೆ ಮುಚ್ಚುತ್ತಾರೆ. ತನ್ನ ತಪ್ಪು ತನಗೇ ಕಾಣುವುದಿಲ್ಲ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ತಿಳಿಯುತ್ತದೆ.

ಕಣ್ಣಿಗೆ ಇಷ್ಟು ಬೆಲೆ ಯಾಕೆ? ಗುಸ್ತಾವ್ ಕೂನ್ ಮತ್ತು ಮೈಕೇಲ್ ಲ್ಯಾಂಡ್ ಎಂಬ ಸಂಶೋಧಕರು 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಜಾದೂಗಾರ ಚೆಂಡನ್ನು ಎರಡು ಸಲ ಮೇಲೆಸೆದು ಹಿಡಿಯುತ್ತಾನೆ. ಮೂರನೆಯ ಸಲ ಎಸೆದ ಹಾಗೆ ನಟಿಸುತ್ತಾನೆ, ಚೆಂಡು ಕೈಯಲ್ಲೇ ಇರುತ್ತದೆ. ಅವನು ತಲೆಯೆತ್ತಿ ಮೇಲೆ ನೋಡಿದಾಗ, ನೋಡುಗರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಚೆಂಡು ಮೇಲೆ ಹೋದದ್ದನ್ನು ಕಂಡೆವು ಅಂದರು. ಅವನು ಕೈಯನ್ನೇ ನೋಡುತ್ತಿದ್ದಾಗ ಹಾಗಂದವರು ಸುಮಾರು ಮೂರನೇ ಒಂದು ಪಾಲು ಮಾತ್ರ. ನಮ್ಮ ಮುಖ ಎಲ್ಲಿ ತಿರುಗುತ್ತದೋ ಜನರ ನಂಬಿಕೆಯೂ ಅಲ್ಲಿಗೆ ತಿರುಗುತ್ತದೆ. ಇದನ್ನು ಗೋಡೆಯ ಕನ್ನಡಿಯ ಜೊತೆ ಕಲಿಯಲು ಆಗುವುದಿಲ್ಲ. ಮನುಷ್ಯರೇ ಬೇಕು.

ಮೊದಲು ಸಿಗುವವರು ಗೆಳೆಯರು. ಅವರಿಗೆ ದಾಕ್ಷಿಣ್ಯ ಇರುವುದಿಲ್ಲ. "ಏಯ್, ಆ ಕೈ ತೋರ್ಸು" ಅಂತ ಮಣಿಕಟ್ಟನ್ನೇ ಹಿಡಿದುಬಿಡುತ್ತಾರೆ. ಒಳ್ಳೆಯದೇ. ಕೈ ಎಲ್ಲಿ ಬಿಗಿಯಿತು, ಮಾತು ಎಲ್ಲಿ ನಿಂತಿತು ಅಂತ ಅವರಷ್ಟು ನೇರವಾಗಿ ಯಾರೂ ಹೇಳುವುದಿಲ್ಲ. ಅದರಲ್ಲೂ ಮಾತು ನಿಲ್ಲುವುದು ದೊಡ್ಡ ಸುಳಿವು. ಹರಟುತ್ತಿದ್ದವನು ದಿಢೀರ್ ಅಂತ ಮೌನಿಯಾದರೆ, ಅಲ್ಲೇ ಏನೋ ನಡೆಯಿತು ಅಂತ ಗೊತ್ತಾಗಿಬಿಡುತ್ತದೆ. ಆದರೆ ಗೆಳೆಯರಿಗೆ ಇದು ಬೇಗ ಪಂದ್ಯವಾಗಿ ಹೋಗುತ್ತದೆ. ಹಿಡಿಯಲೇಬೇಕು ಅಂತ ಕೂತವರಿಗೆ ಬೆರಗಾಗಲು ಪುರುಸೊತ್ತು ಎಲ್ಲಿ? ಅದಕ್ಕೇ ತಿದ್ದಿಸಿಕೊಳ್ಳಲು ಒಬ್ಬರೋ ಇಬ್ಬರೋ ಸಾಕು. ಮಿಕ್ಕ ಗೆಳೆಯರನ್ನು ಆಟ ಪಕ್ವವಾದ ಮೇಲೆ ಬೆರಗಾಗಲು ಉಳಿಸಿಕೊಳ್ಳಿ.

ಆಮೇಲೆ ಅಪರಿಚಿತರು. ನಿಜವಾದ ಪಾಠ ಶುರುವಾಗುವುದು ಇಲ್ಲಿ ಅಂತ ನನ್ನ ನಂಬಿಕೆ. ಮೊದಮೊದಲು ಕೈ ನಡುಗುತ್ತದೆ, ಬೆರಳ ತುದಿ ಬೆವರುತ್ತದೆ, ಎಲೆಗಳು ಅಂಟುತ್ತವೆ. ಆದ್ದರಿಂದ ನಿದ್ದೆಗಣ್ಣಿನಲ್ಲೂ ಮಾಡಬಲ್ಲ ಆಟವನ್ನೇ ಒಯ್ಯಿರಿ. "ಒಂದು ಜಾದೂ ತೋರಿಸಲಾ? ಒಂದೇ ನಿಮಿಷ" ಅಂತ ಕೇಳಿ. ಬೇಡ ಅಂದರೆ ನಗುತ್ತಾ ಹೊರಟುಬಿಡಿ. ಅವಸರದಲ್ಲಿರುವವರನ್ನು, ಊಟ ಮಾಡುತ್ತಿರುವವರನ್ನು ತಡೆಯಬೇಡಿ. ಒಪ್ಪಿದವರು ತಮ್ಮ ಸಮಯ ಕೊಟ್ಟಿದ್ದಾರೆ. ಅವರನ್ನು ಪೆದ್ದರನ್ನಾಗಿ ಮಾಡಿ ಗೆಲ್ಲುವ ಆಟ ನನಗೆ ಬೇಡವೇ ಬೇಡ.

ಅಪರಿಚಿತರ ಚಪ್ಪಾಳೆಯನ್ನು ಜಾಸ್ತಿ ನಂಬಬೇಡಿ. ಎಷ್ಟೋ ಸಲ ಅದು ಬರೀ ಸೌಜನ್ಯ. ಆಟ ಮುಗಿದ ತಕ್ಷಣ ಅವರು ಯಾರ ಕಡೆ ತಿರುಗುತ್ತಾರೆ ನೋಡಿ. ಪಕ್ಕದವರ ಮುಖ ನೋಡಿದರೆ ಆಟ ನಾಟಿದೆ. ನಿಮ್ಮ ಕೈಯನ್ನೇ ದಿಟ್ಟಿಸುತ್ತಿದ್ದರೆ ಅಲ್ಲೇನೋ ಅನುಮಾನ ಇದೆ.

ಒಂದು ಆಟವಂತೂ ಎಲ್ಲಿ ತೋರಿಸಿದರೂ ನಾಟುತ್ತದೆ. ಮೆತ್ತನೆಯ ಸ್ಪಂಜಿನ ಉಂಡೆಗಳದ್ದು. ಒಂದು ಉಂಡೆ ನಿಮ್ಮ ಕೈಯಲ್ಲಿ, ಇನ್ನೊಂದು ಅವರ ಮುಷ್ಟಿಯಲ್ಲಿ. ನಿಮ್ಮದು ಮಾಯವಾಗುತ್ತದೆ. ಅವರು ಮುಷ್ಟಿ ಬಿಚ್ಚಬೇಕು. ಆಗ ಹೆಬ್ಬೆರಳು ತುಸು ಸಡಿಲವಾಗಿ ಅಲ್ಲೇ ನಿಲ್ಲುತ್ತದೆ, ಒಂದು ಸಲ ನಿಮ್ಮ ಮುಖ ನೋಡುತ್ತಾರೆ. ಬಿಚ್ಚಿದರೆ ಒತ್ತಿಟ್ಟ ಎರಡು ಉಂಡೆ ಪುಟಿದು ಹೊರಬರುತ್ತವೆ. ಜಾದೂ ನಡೆದದ್ದು ಅವರದೇ ಕೈಯಲ್ಲಿ! ಆ ಹೆಬ್ಬೆರಳು ಅನುಮಾನಿಸಿ ನಿಲ್ಲುತ್ತದಲ್ಲ, ಅದನ್ನು ನೋಡಲೆಂದೇ ನಾನು ಈ ಆಟ ಮಾಡುತ್ತೇನೆ.

ಆಮೇಲೆ ಬಂದೇ ಬರುವ ಮಾತು, "ಇನ್ನೊಂದು ಸಲ ಮಾಡಿ". ಯಾವ ಆಟವನ್ನಾದರೂ ಮೂರು ಸಲ ನೋಡಿದರೆ ಹಿಡಿದುಬಿಡುತ್ತೇನೆ ಅಂತ ಹೆಸರಾಂತ ಜಾದೂಗಾರ ಹ್ಯಾರಿ ಹುಡಿನಿ ಹೇಳಿಕೊಳ್ಳುತ್ತಿದ್ದರು. 1922ರಲ್ಲಿ ಶಿಕಾಗೋದಲ್ಲಿ ಡಾಯ್ ವರ್ನನ್ ಎಂಬ ಯುವಕ ಅವರಿಗೆ ಒಂದು ಆಟ ತೋರಿಸಿದರು. ಹುಡಿನಿ ಕೈಯಲ್ಲೇ ಗುರುತು ಹಾಕಿಸಿದ ಎಲೆಯನ್ನು ಮೇಲಿನಿಂದ ಎರಡನೆಯದಾಗಿ ಇಡುತ್ತಾರೆ, ಅದು ಮತ್ತೆ ಎಲ್ಲಕ್ಕಿಂತ ಮೇಲೆ ಬರುತ್ತದೆ. ಮೂರಕ್ಕಿಂತ ಹೆಚ್ಚು ಸಲ ನೋಡಿದರೂ ಹುಡಿನಿಗೆ ಸಿಗಲಿಲ್ಲ. ಆದರೆ ಎಲ್ಲ ಆಟಗಳೂ ಹಾಗಲ್ಲ. ಎರಡನೆಯ ಸಲ ಎಲ್ಲಿ ನೋಡಬೇಕು ಅಂತ ನೋಡುಗರಿಗೆ ಗೊತ್ತಿರುತ್ತದೆ. ಕೊನೆ ಏನು ಅಂತಲೂ ಗೊತ್ತಿರುತ್ತದೆ. ಅದೇ ಆಟ ಮಾಡುವ ಬೇರೆ ದಾರಿ ಗೊತ್ತಿಲ್ಲದಿದ್ದರೆ ಅದನ್ನೇ ಮತ್ತೆ ಮಾಡಬೇಡಿ, ಬೇರೆ ಆಟ ತೋರಿಸಿ.

ಕಡೆಯದಾಗಿ ಒಂದು ಅಭ್ಯಾಸ ಹೇಳುತ್ತೇನೆ. ಆಟ ನೋಡಿದ ಪರಿಚಯಸ್ಥರನ್ನು ಕೆಲವು ದಿನ ಬಿಟ್ಟು ಕೇಳಿ, "ಅವತ್ತು ಏನಾಯ್ತು, ಹೇಳಿ". ಮಧ್ಯೆ ಬಾಯಿ ಹಾಕಬೇಡಿ. "ಎಲೆ ಕಲಸಿದ್ದು ನಾನೇ, ಇವರು ಕಟ್ಟನ್ನು ಮುಟ್ಟಲೇ ಇಲ್ಲ" ಅನ್ನುತ್ತಾರೆ. ನೀವು ಮುಟ್ಟಿರುತ್ತೀರಿ, ಅದೂ ಎರಡು ಸಲ. ಅವರು ಮರೆತದ್ದೆಲ್ಲ ನೀವು ಸರಿಯಾಗಿ ಮಾಡಿದ ಜಾಗ. ಅವರು ತಡವರಿಸಿ, "ಆಗ ಏನೋ ಮಾಡಿದ್ರು" ಅನ್ನುತ್ತಾರಲ್ಲ, ಮತ್ತೆ ಅಭ್ಯಾಸ ಶುರು ಮಾಡಬೇಕಾದ್ದು ಅಲ್ಲಿಂದ.

ನಮಸ್ಕಾರ.