ಒಂದೇ ಬೆಟ್ಟದ ಎರಡು ಮಗ್ಗುಲು

ನಮಸ್ಕಾರ ಕೇಳುಗರೇ.

ಹವಾಯಿ ಅಂದ ತಕ್ಷಣ ಸಮುದ್ರ, ಮರಳು, ಕೊರಳಲ್ಲಿ ಹೂವಿನ ಹಾರ ಕಣ್ಣ ಮುಂದೆ ಬರುತ್ತದೆ, ಅಲ್ವಾ? ನಾನು ಸಕಲೇಶಪುರ ಕಡೆಯ ಕಾಫಿ ತೋಟದ ಮನೆಯವಳು. ನನಗೆ ಅಲ್ಲಿ ಸಮುದ್ರಕ್ಕಿಂತ ಬೆಟ್ಟವೇ ಜಾಸ್ತಿ ಹಿಡಿಸಿತು. ಹವಾಯಿ ಅಂದರೆ ದ್ವೀಪಗಳ ಸಾಲು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಜನ ಸುಮ್ನೆ ‘ಬಿಗ್ ಐಲ್ಯಾಂಡ್’ ಅಂತ ಕರೆಯುತ್ತಾರೆ. ಇವತ್ತಿನ ಮಾತು ಆ ದ್ವೀಪದ್ದು.

ಇಡೀ ದ್ವೀಪ ಜ್ವಾಲಾಮುಖಿಗಳು ಕಕ್ಕಿದ ಲಾವಾದಿಂದಲೇ ಆದದ್ದು. ಮೌನಾ ಕೇಯಾ, ಮೌನಾ ಲೋವಾ ಅನ್ನುವ ಎರಡು ಬೆಟ್ಟಗಳು 4,000 ಮೀಟರ್ ದಾಟಿ ನಿಂತಿವೆ. ಈಶಾನ್ಯದಿಂದ ಬೀಸುವ ಗಾಳಿ ಅವಕ್ಕೆ ತಾಗಿ, ಪೂರ್ವದ ಹಿಲೋ ಊರಿನ ಕಡೆ ಮಳೆ ಸುರಿಸಿಬಿಡುತ್ತದೆ. ಪಶ್ಚಿಮದ ಕೋನಾ ಕಡೆ ಮಳೆ ಕಡಿಮೆ. ಆಗುಂಬೆಯಲ್ಲಿ ಸುರಿದ ಮಳೆ ಚಿತ್ರದುರ್ಗಕ್ಕೆ ಸಿಗುವುದಿಲ್ಲವಲ್ಲ, ಅದೇ ಲೆಕ್ಕ. ದಿಕ್ಕು ಮಾತ್ರ ತಿರುಗುಮುರುಗು.

ಕಿಲವೇಯಾ ಈಗಲೂ ಬದುಕಿರುವ ಜ್ವಾಲಾಮುಖಿ. 2018ರಲ್ಲಿ ಅದರ ಲಾವಾ ಹರಿದು ಸುಮಾರು 700 ಮನೆಗಳು ಹೋದವು. ನೋಡಲು ಹೋದವರು ಬೆಂಕಿ ಕಾಣಲಿಲ್ಲ ಅಂತ ಪೇಚಾಡುತ್ತಾರೆ. ನನ್ನನ್ನು ಕೇಳಿದರೆ ಆರಿದ ಲಾವಾವನ್ನೇ ಬಗ್ಗಿ ನೋಡಬೇಕು. ಕೆಲವು ಕಡೆ ಅದು ದೋಸೆಹಿಟ್ಟು ಮಡಿಕೆ ಮಡಿಕೆಯಾಗಿ ಹರಿದು ಹಾಗೇ ಗಟ್ಟಿಯಾದಂತಿದೆ. ಕಪ್ಪು ಮೈ, ಬಿಸಿಲಿಗೆ ಮಿರಮಿರ ಹೊಳೆಯುತ್ತದೆ. ಬಿರುಕಿನೊಳಗೆ ಒಂದು ಬೆರಳುದ್ದದ ಜರೀಗಿಡ. ಪಕ್ಕದಲ್ಲೇ ಓಹಿಯಾ ಗಿಡ, ತುದಿಯಲ್ಲಿ ಕೆಂಪು ಕೇಸರಗಳ ಹೂವು. ಹೊಸ ಲಾವಾ ಮೇಲೆ ಮೊದಮೊದಲು ಬೇರೂರುವ ಮರಗಳಲ್ಲಿ ಇದೂ ಒಂದು. ಅಲ್ಲಿಯ ಮೂಲ ಜನರಿಗೆ ಈ ಬೆಟ್ಟ ಪೇಲೇ ದೇವಿಯ ಮನೆ. ಅಲ್ಲಿಂದ ಒಂದು ಕಲ್ಲನ್ನೂ ತರಬೇಡಿ. ರಾಷ್ಟ್ರೀಯ ಉದ್ಯಾನದ ಕಾನೂನೂ ಒಪ್ಪುವುದಿಲ್ಲ.

ಹಿಲೋದಿಂದ ಉತ್ತರಕ್ಕೆ ಹೋದರೆ ಅಕಾಕಾ ಜಲಪಾತ. ಎತ್ತರ ಸುಮಾರು 135 ಮೀಟರ್. ಜೋಗ ನೋಡಿದ ಕಣ್ಣಿಗೆ ಅದು ಅರ್ಧ! ಆದರೆ ಅಲ್ಲೊಂದು ಮೀನಿದೆ. ಕೆಲವೇ ಅಂಗುಲದ ಮೀನು. ಮರಿಗಳು ಹೊಳೆಯ ಜೊತೆ ಸಮುದ್ರಕ್ಕೆ ಕೊಚ್ಚಿಹೋಗುತ್ತವೆ, ಆಮೇಲೆ ವಾಪಸ್ ಬರುತ್ತವೆ. ಹೊಟ್ಟೆಯ ಕೆಳಗಿನ ರೆಕ್ಕೆಗಳು ಬೆಸೆದು ಹೀರುಬಟ್ಟಲಿನ ಹಾಗೆ ಆಗಿವೆ. ಅದನ್ನು ಬಂಡೆಗೆ ಕಚ್ಚಿಸಿಕೊಂಡು, ಧುಮುಕುವ ನೀರಿನ ಪಕ್ಕದಲ್ಲೇ ಆ 135 ಮೀಟರ್ ಹತ್ತುತ್ತವೆ. ಜಲಪಾತದ ಮೇಲಿನ ಹೊಳೆಯಲ್ಲೇ ಅವುಗಳ ಸಂಸಾರ.

ಇನ್ನು ಕೋನಾ. 1828ರಲ್ಲಿ ಸ್ಯಾಮ್ಯುಯೆಲ್ ರಗಲ್ಸ್ ಎಂಬ ಪಾದ್ರಿ ಇಲ್ಲಿಗೆ ಕಾಫಿ ಗಿಡ ತಂದರು. ತೋಟದೊಳಗೆ ಕಾಲಿಟ್ಟಾಗ ನನಗೆ ಏನೋ ಕೊರತೆ ಅನ್ನಿಸಿತು. ತಲೆ ಎತ್ತಿ ನೋಡಿದೆ. ನೆರಳಿನ ಮರಗಳೇ ಇಲ್ಲ! ಹಾಲುವಾಣ ಇಲ್ಲ, ಸಿಲ್ವರ್ ಓಕ್ ಇಲ್ಲ, ಮೆಣಸಿನ ಬಳ್ಳಿಯಂತೂ ಇಲ್ಲವೇ ಇಲ್ಲ. ಹೆಚ್ಚಿನ ತೋಟಗಳು ಹೀಗೇ ಅಂತೆ. ಬೆಳಗ್ಗೆ ಬಿಸಿಲು, ಮಧ್ಯಾಹ್ನವಾದರೆ ಮೋಡ ಬಂದು ಇಳಿಜಾರನ್ನು ಮುಚ್ಚುತ್ತದೆ. ನಾವು ಮರ ನೆಟ್ಟು, ಕಪಾತು ಮಾಡಿ ಕಾಯುವ ನೆರಳು ಅವರಿಗೆ ಬಿಟ್ಟಿ.

ನನಗೆ ಹೊಟ್ಟೆಕಿಚ್ಚು ತಂದದ್ದು ಮಾತ್ರ ಬೇರೆ. ಜಪಾನಿನಿಂದ ಬಂದು ನೆಲೆಸಿದ ಬೆಳೆಗಾರರು ಕಾಫಿ ಒಣಗಿಸಲು ಮರದ ಅಟ್ಟ ಕಟ್ಟಿ, ಅದರ ಮೇಲೆ ಹಳಿಗಳ ಮೇಲೆ ಉರುಳುವ ಚಾವಣಿ ಇಟ್ಟರು. ಹನಿ ಬಿದ್ದರೆ ಚಾವಣಿ ಎಳೆದರಾಯಿತು. ನಮ್ಮಲ್ಲಿ ಅಕಾಲದ ಮಳೆ ಬಂದಾಗ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಕಣಕ್ಕೆ ಓಡುತ್ತೇವಲ್ಲ!

ಕಷ್ಟ ಅವರಿಗೂ ಇದೆ. ನಮ್ಮ ಹಳೇ ಪೀಡೆ ಎಲೆ ತುಕ್ಕು ರೋಗ 2020ರಲ್ಲಿ ಅಲ್ಲಿಗೂ ಕಾಲಿಟ್ಟಿತು. ಹೆಸರಿನ ಜಗಳವೂ ಇದೆ. ಶೇಕಡ 10ರಷ್ಟು ಕೋನಾ ಕಾಫಿ ಬೆರೆಸಿ, ‘ಕೋನಾ ಬ್ಲೆಂಡ್’ ಅಂತ ಮಾರಲು ಅಲ್ಲಿಯ ಕಾನೂನು ಬಹಳ ಕಾಲ ಬಿಟ್ಟಿತ್ತು. ಬೆಳೆಗಾರರು ಪಟ್ಟು ಹಿಡಿದ ಮೇಲೆ 2024ರಲ್ಲಿ ಕಾನೂನು ಬದಲಾಯಿತು. 2027ರ ಜುಲೈಯಿಂದ ಕನಿಷ್ಠ ಶೇಕಡ 51ರಷ್ಟು ಕೋನಾ ಕಾಫಿ ಇರಬೇಕು. ಅಲ್ಲಿಂದ ಯಾರಾದರೂ ಕಾಫಿ ಪುಡಿ ತಂದುಕೊಟ್ಟರೆ ಪೊಟ್ಟಣದ ಸಣ್ಣ ಅಕ್ಷರಗಳನ್ನೂ ಓದಿ. ಹಾಲು, ಸಕ್ಕರೆ ಮೊದಲ ಲೋಟಕ್ಕೆ ಬೇಡ. ಚಿಕೋರಿಯಂತೂ ಬೇಡವೇ ಬೇಡ.

ನಮಸ್ಕಾರ.